ಟೀಚರಮ್ಮನವರ ಅಭಿಪ್ರಾಯಗಳು

ವೃತ್ತಪತ್ರಿಕೆಯನ್ನು ಮೊದಲ ಅಕ್ಷರದಿಂದ ಕೊನೆಯ ಅಕ್ಷರದವರೆಗೆ ಓದುವವರು ಪ್ರತಿಯೊಂದು ಮನೆಯಲ್ಲಿಯೂ ಒಬ್ಬರೇ ಇರುತ್ತಾರೆ. ಮಿಕ್ಕವರು ತಲೆಬರಹಗಳ ಮೇಲೆ ಕಣ್ಣಾಡಿಸಿ ಕಚೇರಿಗೋ ಕಾಲೇಜಿಗೋ ಓಡುತ್ತಾರೆ. ಲೋಕದ ಆಗುಹೋಗುಗಳನ್ನು ಕುರಿತು ಅಭಿಪ್ರಾಯ ಹೇಳುವ ಅಧಿಕಾರ ನ್ಯಾಯವಾಗಿ ಆ ಒಬ್ಬರಿಗೇ ಸೇರಬೇಕು. ಅವರು ಹೇಳುವುದೂ ಉಂಟು. ಕೇಳುವವರ ಅಭಾವವೊಂದೇ ಕೊರತೆ.

ಬೆಂಗಳೂರಿನ ಮಲ್ಲೇಶ್ವರದ ಅಡ್ಡರಸ್ತೆಯೊಂದರಲ್ಲಿ ಈ ಸ್ಥಾನ ನಿವೃತ್ತ ಉಪಾಧ್ಯಾಯಿನಿಯೊಬ್ಬರಿಗೆ ಸಲ್ಲುತ್ತದೆ. ಹುಟ್ಟಿದ್ದು 1942ರಲ್ಲಿ. 1962ರಲ್ಲಿ ಮೈಸೂರು ಸರ್ಕಾರದ ಪ್ರಾಥಮಿಕ ಶಾಲೆಯಲ್ಲಿ ಕೆಲಸಕ್ಕೆ ಸೇರಿದವರು 2000ದಲ್ಲಿ ಕರ್ನಾಟಕ ಸರ್ಕಾರದ ಸೇವೆಯಿಂದ ನಿವೃತ್ತರಾದರು. ನಡುವೆ 1973ರ ನವೆಂಬರ್ 1ರಂದು ರಾಜ್ಯದ ಹೆಸರು ಬದಲಾಯಿತೇ ಹೊರತು ಅವರ ಕರಿಹಲಗೆ ಬದಲಾಗಲಿಲ್ಲ. ಬೀದಿಯವರಿಗೆಲ್ಲ ಅವರು ಟೀಚರಮ್ಮ. ಬೆಳಗಿನ ಕಾಫಿಯ ನಂತರ ವರಾಂಡದ ಬೆತ್ತದ ಕುರ್ಚಿಯಲ್ಲಿ ಕುಳಿತು ಮೊದಲು ನಿಧನವಾರ್ತೆಗಳನ್ನೂ, ಬಳಿಕ ತರಕಾರಿಯ ಧಾರಣೆಯನ್ನೂ, ಕಡೆಯಲ್ಲಿ ರಾಜಕೀಯವನ್ನೂ ಓದುವುದು ಅವರ ಕ್ರಮ. ತಿಳಿದವರು ಎಷ್ಟು ಮಂದಿ ಹೋದರು, ಉಳಿದವರು ಏನನ್ನು ತಿನ್ನಬೇಕು ಎಂಬುದು ಗೊತ್ತಾದ ಮೇಲೆ ಮಂತ್ರಿಗಳ ಸಮಾಚಾರ ನೋಡಿದರೆ ಸಾಕು ಎಂಬುದು ಅವರ ವಾದ.

ಮುಪ್ಪಿನವರಿಗೆ ಹಳೆಯದೆಲ್ಲ ಹೊನ್ನು, ಹೊಸತೆಲ್ಲ ಮಣ್ಣು ಎಂಬುದು ಲೋಕದಲ್ಲಿ ಬಳಕೆಯಾಗಿರುವ ಮಾತು. ಟೀಚರಮ್ಮನವರ ಪಕ್ಕದಲ್ಲಿ ಒಂದು ವಾರ ಸಾವಧಾನವಾಗಿ ಕುಳಿತವರು ಈ ಮಾತನ್ನು ಎರಡನೆಯ ಸಲ ಆಡಲಾರರು. ಸೌದೆಯ ಒಲೆಯ ಅಡಿಗೆಗಿದ್ದ ರುಚಿ ಈಗೆಲ್ಲಿ ಎಂದು ಯಾರಾದರೂ ಗಂಡಸರು ನಿಟ್ಟುಸಿರಿಟ್ಟರೆ ಅವರು ಕನ್ನಡಕದ ಮೇಲಿನಿಂದ ನೋಡಿ, “ಆ ರುಚಿಯನ್ನು ಹೊಗಳುವವರಲ್ಲಿ ಊದುಕೊಳವೆ ಹಿಡಿದವರು ಒಬ್ಬರೂ ಇಲ್ಲವಲ್ಲ!” ಎನ್ನುತ್ತಾರೆ. ಗ್ಯಾಸಿನ ಒಲೆಯನ್ನೂ, ರುಬ್ಬುವ ಯಂತ್ರವನ್ನೂ, ಕಣ್ಣಿನ ಪೊರೆ ತೆಗೆದು ಮಸೂರ ಕೂರಿಸುವ ವೈದ್ಯವನ್ನೂ ಅವರು ಮನಸಾರೆ ಹರಸುತ್ತಾರೆ. ಸಿಡುಬು ಬಂದು ಮುಖವೆಲ್ಲ ಕಲೆಯಾದ ಮಕ್ಕಳನ್ನು ತರಗತಿಯಲ್ಲಿ ಕೂರಿಸಿಕೊಂಡು ಪಾಠ ಹೇಳಿದವರು ಅವರು. 1980ರಲ್ಲಿ ಆ ವ್ಯಾಧಿ ಲೋಕದಿಂದಲೇ ತೊಲಗಿತೆಂದು ಘೋಷಣೆಯಾದುದನ್ನು ಬಲ್ಲವರು. ಆದುದರಿಂದ 2021ರ ಮಾರ್ಚ್ 1ರಂದು 60 ವರ್ಷ ಮೀರಿದವರಿಗೆ ಕೋವಿಡ್ ಲಸಿಕೆ ಹಾಕಲು ಆರಂಭಿಸಿದಾಗ ಮನೆಯಲ್ಲಿ ಚರ್ಚೆ ನಡೆಯುತ್ತಿದ್ದಂತೆಯೇ ಅವರು ಸೀರೆ ಬದಲಾಯಿಸಿಕೊಂಡು ಸಿದ್ಧರಾಗಿದ್ದರು.

2013ರ ಜುಲೈನಲ್ಲಿ ತಂತಿಸೇವೆ ನಿಂತುಹೋದಾಗಲೂ ಅವರಿಗೆ ದುಃಖವಾಗಲಿಲ್ಲ. ಪತ್ರಿಕೆಗಳು ಒಂದು ಯುಗ ಮುಗಿಯಿತೆಂದು ಬರೆದವು. “ತಂತಿಯವನು ಬೀದಿಯ ತಿರುವಿನಲ್ಲಿ ಕಂಡರೆ ಮೂರು ಮನೆಯವರು ಒಟ್ಟಿಗೆ ಅಳುತ್ತಿದ್ದರು. ಅದು ಯಾರ ಮನೆಗೆ ಎಂಬುದು ಆಮೇಲೆ ತಿಳಿಯುತ್ತಿತ್ತು. ಅಂಥ ಯುಗ ಮುಗಿದರೆ ಮುಗಿಯಲಿ,” ಎಂದರು ಟೀಚರಮ್ಮ.

ಹೀಗಿರುವಾಗ ಅವರ ಆಕ್ಷೇಪಣೆಗಳಾದರೂ ಯಾವುವು? ದೂರದರ್ಶನದ ಚರ್ಚೆಗಳನ್ನು ಕುರಿತದ್ದು ಅತ್ಯಂತ ಸುಲಭವಾದದ್ದು. ಆರು ಮಂದಿ ಏಕಕಾಲಕ್ಕೆ ಕೂಗುವುದನ್ನು ಅವರು ಎರಡು ನಿಮಿಷ ನೋಡಿ, “ನನ್ನ ತರಗತಿಯಾಗಿದ್ದರೆ ಆರೂ ಜನ ಬೆಂಚಿನ ಮೇಲೆ,” ಎಂದು ತೀರ್ಪಿತ್ತು ಎದ್ದುಬಿಡುತ್ತಾರೆ.

ಪ್ರಯಾಣದ ವಿಷಯದಲ್ಲಿ ತೀರ್ಪು ಇಷ್ಟು ಸರಳವಲ್ಲ. 2023ರ ಜೂನ್ 11ರಂದು ಶಕ್ತಿ ಯೋಜನೆ ಆರಂಭವಾಗಿ ರಾಜ್ಯದ ಹೆಂಗಸರಿಗೆ ಸಾಮಾನ್ಯ ಬಸ್ಸುಗಳಲ್ಲಿ ಉಚಿತ ಪ್ರಯಾಣ ದೊರೆತಾಗ ಬೀದಿಯ ಹಿರಿಯ ಗಂಡಸರನೇಕರು ದೇಶದ ಬೊಕ್ಕಸದ ಬಗೆಗೆ ಚಿಂತಾಕ್ರಾಂತರಾದರು. ಟೀಚರಮ್ಮನವರು ಬೊಕ್ಕಸದ ಮಾತೆತ್ತಲಿಲ್ಲ. ಸಂಬಳವನ್ನು ಮದುವೆಗೆ ಮುಂಚೆ ತಂದೆಯ ಕೈಗೂ, ಆಮೇಲೆ ಪತಿಯ ಕೈಗೂ ಒಪ್ಪಿಸಿ, ಬಸ್ಸಿನ ಚಿಲ್ಲರೆಯನ್ನು ದಿನವೂ ಕೇಳಿ ಪಡೆದು ಶಾಲೆಗೆ ಹೋಗುತ್ತಿದ್ದ ವರ್ಷಗಳನ್ನು ಅವರು ಮರೆತಿಲ್ಲ. ಅವರ ಆಕ್ಷೇಪಣೆ ಇದ್ದದ್ದು ಬಸ್ಸಿನ ಮೆಟ್ಟಿಲಿನ ಎತ್ತರದ ಬಗೆಗೆ ಮಾತ್ರ. ಚೀಟಿಯನ್ನು ಪುಕ್ಕಟೆಯಾಗಿ ಕೊಟ್ಟ ಸರ್ಕಾರ ಮೆಟ್ಟಿಲನ್ನು ಒಂದು ಗೇಣು ತಗ್ಗಿಸಿದ್ದರೆ ಇನ್ನಷ್ಟು ಮುದುಕಿಯರು ಹತ್ತುತ್ತಿದ್ದರು!

ರೈಲಿನ ಕಥೆ ಬೇರೆ. 58 ತುಂಬಿದ ಸ್ತ್ರೀಯರಿಗೆ ಶೇಕಡಾ 50ರಷ್ಟು, 60 ತುಂಬಿದ ಪುರುಷರಿಗೆ ಶೇಕಡಾ 40ರಷ್ಟು ಇದ್ದ ರಿಯಾಯಿತಿಯನ್ನು 2020ರ ಮಾರ್ಚ್ 20ರಿಂದ ನಿಲ್ಲಿಸಲಾಯಿತು. ಸಾಂಕ್ರಾಮಿಕದ ಕಾಲದಲ್ಲಿ ಮುದುಕರು ತಿರುಗಾಡದಿರಲೆಂಬುದು ಆಗ ಕೊಟ್ಟ ಕಾರಣ. ಕಾಯಿಲೆ ಕಳೆಯಿತು, ಗಾಡಿಗಳು ಮತ್ತೆ ತುಂಬಿದವು. ರಿಯಾಯಿತಿ ಮಾತ್ರ ಗಾಡಿಯೊಡನೆ ಹಿಂದಿರುಗಿ ಬರಲಿಲ್ಲ. ಕೆಳಗಿನ ಮಲಗುವ ಸ್ಥಳದಲ್ಲಿ ಹಿರಿಯರಿಗೊಂದು ಪಾಲು ಉಳಿದುಕೊಂಡಿತು. ಮೈಸೂರಿನಲ್ಲಿರುವ ಮಗಳ ಮನೆಗೆ ಹೊರಡುವಾಗ ಟೀಚರಮ್ಮನವರು ಹೇಳುವುದಿಷ್ಟು: “ಬಸ್ಸಿನಲ್ಲಿ ನಾನು ಹೆಂಗಸು. ರೈಲಿನಲ್ಲಿ ನಾನು ಯಾರೂ ಅಲ್ಲ.”

ಚುನಾವಣೆಯ ವಿಷಯದಲ್ಲಿ ಅವರ ಮಾತಿಗೆ ಹೆಚ್ಚಿನ ತೂಕವುಂಟು. ಅನೇಕ ಚುನಾವಣೆಗಳಲ್ಲಿ ಮತಗಟ್ಟೆಯ ಕೆಲಸ ಮಾಡಿ ಅಪರಿಚಿತರ ಎಡಗೈ ತೋರುಬೆರಳಿಗೆ ಮಸಿ ಹಚ್ಚಿದವರು ಅವರು. ಆ ಮಸಿ ನಮ್ಮ ಮೈಸೂರಿನದು. ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ, 1937ರಲ್ಲಿ, ಸ್ಥಾಪಿತವಾದ ಅರಗು ಮತ್ತು ಬಣ್ಣದ ಕಾರ್ಖಾನೆಯಲ್ಲಿ ತಯಾರಾಗಿ 1962ರ ಮಹಾಚುನಾವಣೆಯಿಂದ ದೇಶದ ಮತದಾರರ ಬೆರಳನ್ನು ಏರಿದ್ದು. ಅದರಲ್ಲಿರುವ ಸಿಲ್ವರ್ ನೈಟ್ರೇಟ್ ಚರ್ಮಕ್ಕೆ ಅಂಟಿ ಬಿಸಿಲಿಗೆ ಕಪ್ಪಾಗುವುದರಿಂದ ಸೀಗೆಕಾಯಿಗಾಗಲಿ ಸಾಬೂನಿಗಾಗಲಿ ಅದು ಜಗ್ಗುವುದಿಲ್ಲ. 2023ರ ಮೇ 10ರ ವಿಧಾನಸಭಾ ಚುನಾವಣೆಯಲ್ಲಿ 80 ದಾಟಿದವರು ಮನೆಯಲ್ಲಿಯೇ ಮತ ನೀಡಬಹುದಾಗಿತ್ತು. ಎದುರುಮನೆಯಲ್ಲಿ ಹಾಸಿಗೆ ಹಿಡಿದಿದ್ದ ವೃದ್ಧರಿಗೆ ಇದರಿಂದ ಆದ ಉಪಕಾರವನ್ನು ಟೀಚರಮ್ಮನವರು ಮುಕ್ತಕಂಠದಿಂದ ಹೊಗಳಿದರು. ತಾವು ಮಾತ್ರ ಅರ್ಜಿ ಹಾಕದೆ ಮೊಮ್ಮಗಳ ಕೈಹಿಡಿದು ಮತಗಟ್ಟೆಗೆ ನಡೆದೇ ಹೋದರು. ಮುಂದಿನ ವರ್ಷದ ಲೋಕಸಭಾ ಚುನಾವಣೆಗೆ ವಯೋಮಿತಿ 85ಕ್ಕೆ ಏರಿತು. “ನೋಡಿದೆಯಾ, ಒಂದೇ ವರ್ಷದಲ್ಲಿ ಸರ್ಕಾರ ನನ್ನನ್ನು ಚಿಕ್ಕವಳನ್ನಾಗಿ ಮಾಡಿತು,” ಎಂದು ನಕ್ಕರು.

ನಗದೆ ಹೇಳುವ ಅಭಿಪ್ರಾಯ ಅವರದು ಒಂದೇ ಒಂದು. ಅದು ಹಣದ್ದು.

ಹಣದ ರೂಪ ಬದಲಾಗುವುದನ್ನು ಕಾಣುವುದು ಅವರಿಗೆ ಹೊಸದೇನಲ್ಲ. 1957ರ ಏಪ್ರಿಲ್ 1ರಂದು ರೂಪಾಯಿಗೆ ಹದಿನಾರು ಆಣೆ ಹೋಗಿ ನೂರು ನಯೇ ಪೈಸೆ ಬಂದಾಗ ಅವರಿಗೆ ಹದಿನೈದು ವರ್ಷ. ಮನೆಯಲ್ಲಿ ಅವರ ಅಜ್ಜಿ ಆಣೆ ಕಾಸುಗಳ ಲೆಕ್ಕದಲ್ಲಿಯೇ ಬದುಕಿದವರು, ಅಕ್ಷರ ಬಾರದವರು. ಹುಡುಗಿ ನೂರು ಹುಣಿಸೆಬೀಜ ಎಣಿಸಿ ನಾಲ್ಕು ಗುಡ್ಡೆ ಮಾಡಿ, ಒಂದೊಂದು ಗುಡ್ಡೆಯೂ ನಾಲ್ಕಾಣೆ ಎಂದು ತೋರಿಸಿ ಪಾಠ ಆರಂಭಿಸಿದಳು. ಒಂದು ಆಣೆಗೆ ಆರೂಕಾಲು ಪೈಸೆಯಾಗಬೇಕು; ಕಾಲು ಪೈಸೆಯ ನಾಣ್ಯವಿಲ್ಲ. ಆದುದರಿಂದ ಒಂದಾಣೆಗೆ 6, ಎರಡಾಣೆಗೆ 12, ಮೂರಾಣೆಗೆ 19, ನಾಲ್ಕಾಣೆಗೆ 25 ಎಂದು ಸರ್ಕಾರದ ಪಟ್ಟಿ ನಿಗದಿಮಾಡಿತ್ತು. ಅಜ್ಜಿ ಬೀಜಗಳನ್ನು ಎರಡು ದಿನ ಆಚೆಗೊಮ್ಮೆ ಈಚೆಗೊಮ್ಮೆ ಸರಿಸಿ ನೋಡಿದರು. ನಾಲ್ಕಾಣೆಯ ವೀಳ್ಯದೆಲೆಯನ್ನು ಒಟ್ಟಿಗೆ ತಂದರೆ 25 ಪೈಸೆ. ಒಂದೊಂದಾಣೆಯದಾಗಿ ನಾಲ್ಕು ಸಲ ತಂದರೆ 24! ಅಂದಿನಿಂದ ಹುಡುಗಿಗೆ ಅಂಗಡಿಗೆ ನಾಲ್ಕು ಸಲ ಓಡುವ ಶಿಕ್ಷೆಯಾಯಿತು. ದೇಶದ ಹಣಕಾಸಿನ ತಜ್ಞರಿಗೆ ಪಟ್ಟಿ ಬರೆಯುವಾಗ ಇಂಥ ಅಜ್ಜಿಯರ ನೆನಪಿತ್ತೋ ಇಲ್ಲವೋ.

1964ರಲ್ಲಿ ‘ನಯಾ’ ಎಂಬ ವಿಶೇಷಣ ಬಿದ್ದುಹೋಯಿತು. ಸೇರು, ಅಚ್ಚೇರು, ಚಟಾಕುಗಳ ಜಾಗದಲ್ಲಿ ಕಿಲೋ ಗ್ರಾಮುಗಳು ಬಂದವು, ಅನ್ನಕ್ಕಿಡುವ ಅಕ್ಕಿ ಮಾತ್ರ ಎಷ್ಟೋ ಮನೆಗಳಲ್ಲಿ ಈಗಲೂ ಪಾವಿನಲ್ಲಿಯೇ ಅಳೆಯಲ್ಪಡುತ್ತದೆ. 2011ರ ಜೂನ್ ಕೊನೆಗೆ ನಾಲ್ಕಾಣೆಯ ನಾಣ್ಯವೂ ಸಲ್ಲದಾಯಿತು. ಇವೆಲ್ಲವನ್ನೂ ಟೀಚರಮ್ಮನವರು ತಾವೂ ಕಲಿತರು, ಮಕ್ಕಳಿಗೂ ಕಲಿಸಿದರು. ಏಕೆಂದರೆ ಇವೆಲ್ಲವೂ ಕೈಯಲ್ಲಿ ಹಿಡಿದು, ಎಣಿಸಿ, ಗುಡ್ಡೆ ಮಾಡಿ ನೋಡಬಹುದಾದ ವಸ್ತುಗಳು.

ನಿವೃತ್ತಿಯ ತರುವಾಯ ಪಿಂಚಣಿ ಅವರ ಸ್ವಂತ ಹೆಸರಿನ ಖಾತೆಗೆ ಬರತೊಡಗಿತು. ಮೂವತ್ತೆಂಟು ವರ್ಷ ದುಡಿದವರಿಗೆ ತಮ್ಮ ಹಣ ತಮ್ಮ ಕೈಗೆ ಸಿಕ್ಕಿದ್ದು ದುಡಿಮೆ ಮುಗಿದ ಮೇಲೆ. ತಿಂಗಳ ಮೊದಲ ವಾರ ಛತ್ರಿ ಹಿಡಿದು ಬ್ಯಾಂಕಿಗೆ ನಡೆದು ಹೋಗಿ, ಚೀಟಿ ಬರೆದು, ಹಣ ಎಣಿಸಿಕೊಂಡು, ಪಾಸ್‌ಬುಕ್ಕಿನಲ್ಲಿ ಬರೆಯಿಸಿಕೊಂಡು ಬರುವುದು ಅವರ ವ್ರತವಾಯಿತು. ದಾರಿಯಲ್ಲಿ ಮೊಮ್ಮಗಳಿಗೆ ಬಿಸ್ಕತ್ತು, ತಮಗೊಂದು ಪತ್ರಿಕೆ. ಯಾರನ್ನೂ ಕೇಳಬೇಕಾಗಿರಲಿಲ್ಲ.

ಈಗ ಬ್ಯಾಂಕಿನಲ್ಲಿ ಹೋದವರನ್ನೆಲ್ಲ ಯಂತ್ರದ ಕಡೆಗೆ ಕೈದೋರುತ್ತಾರೆ. ಯಂತ್ರ ಗುಪ್ತಸಂಖ್ಯೆ ಕೇಳುತ್ತದೆ. ಸಂಖ್ಯೆ ಮೊಬೈಲಿಗೆ ಬರುತ್ತದೆ. ಖಾತೆಗೆ ಸೇರಿಸಿರುವುದು ಮಗನ ಮೊಬೈಲು. 2016ರಲ್ಲಿ ಯು.ಪಿ.ಐ. ಬಂದಮೇಲೆ ಹಾಲು, ತರಕಾರಿ, ಔಷಧಿಗಳೆಲ್ಲವೂ ಆ ಮೊಬೈಲಿನಿಂದಲೇ ನಡೆಯುತ್ತವೆ. ಮಗ ಸಜ್ಜನ, ಲೆಕ್ಕದಲ್ಲಿ ಚೊಕ್ಕ. ತಾಯಿಗೆ ಬೇಕೆಂದದ್ದನ್ನು ಇಲ್ಲವೆಂದವನಲ್ಲ. ಟೀಚರಮ್ಮನವರ ಸಂಕಟ ಇರುವುದು ಆ ‘ಬೇಕೆನ್ನುವ’ ಮಾತಿನಲ್ಲಿ. “ಇಪ್ಪತ್ತರಲ್ಲಿ ಅಪ್ಪನನ್ನು ಕೇಳಿದೆ, ಮೂವತ್ತರಲ್ಲಿ ಯಜಮಾನರನ್ನು ಕೇಳಿದೆ. ಎಂಬತ್ತು ದಾಟಿದ ಮೇಲೆ ಮಗನನ್ನು ಕೇಳುತ್ತೇನೆ. ಹಣ ಮಾತ್ರ ಯಾವಾಗಲೂ ನನ್ನದೇ!” ಎಂದು ಒಂದು ದಿನ ಊಟದ ಹೊತ್ತಿನಲ್ಲಿ ಅವರು ಅಂದಾಗ ಮಗ ತಟ್ಟೆಯಿಂದ ತಲೆಯೆತ್ತಲಿಲ್ಲ. ಈ ಒಂದು ಕೋನದಿಂದ ನೋಡಿದರೆ ಅವರ ಉಳಿದ ಅಭಿಪ್ರಾಯಗಳಿಗೂ ಅರ್ಥ ಬರುತ್ತದೆ. ಗ್ಯಾಸಿನ ಒಲೆ ಅವರನ್ನು ಯಾರ ಹಂಗಿಗೂ ಒಳಪಡಿಸಲಿಲ್ಲ, ಪೊರೆ ತೆಗೆದ ಕಣ್ಣು ಪತ್ರಿಕೆಯನ್ನು ತಾನೇ ಓದಿತು. ಎತ್ತರದ ಮೆಟ್ಟಿಲೂ ಗುಪ್ತಸಂಖ್ಯೆಯೂ ಮತ್ತೊಬ್ಬರ ಕೈಯನ್ನು ಬೇಡುತ್ತವೆ.

ಪಿಂಚಣಿದಾರರು ವರ್ಷಕ್ಕೊಮ್ಮೆ, ಸಾಮಾನ್ಯವಾಗಿ ನವೆಂಬರಿನಲ್ಲಿ, ತಾವು ಜೀವಂತರಾಗಿರುವುದನ್ನು ರುಜುವಾತುಪಡಿಸಬೇಕಾದುದು ವಾಚಕರಲ್ಲಿ ಅನೇಕರ ಅನುಭವ. ಮೊದಲು ಬ್ಯಾಂಕಿನ ಗುಮಾಸ್ತರು ಮುಖ ನೋಡಿ, ಕುಶಲ ಕೇಳಿ, ರುಜು ಹಾಕಿಸಿಕೊಳ್ಳುತ್ತಿದ್ದರು. 2014ರ ನವೆಂಬರಿನಲ್ಲಿ ‘ಜೀವನ ಪ್ರಮಾಣ’ ಎಂಬ ವ್ಯವಸ್ಥೆ ಬಂದು ಬೆರಳಚ್ಚಿನಿಂದಲೇ ಈ ಕೆಲಸ ಮುಗಿಯುವಂತಾಯಿತು. ದೂರದೂರಿನಲ್ಲಿರುವವರಿಗೆ, ನಡೆಯಲಾರದವರಿಗೆ ಇದು ದೊಡ್ಡ ಅನುಕೂಲವೇ ಸರಿ. ಆದರೆ ವಯಸ್ಸಾದಂತೆ ಚರ್ಮ ಒಣಗಿ, ಸಡಿಲಗೊಂಡು, ಬೆರಳ ತುದಿಯ ಏಣುಗಳು ಸವೆಯುತ್ತವೆ. ಒಂದು ವರ್ಷ ಟೀಚರಮ್ಮನವರ ಹೆಬ್ಬೆರಳನ್ನು ಯಂತ್ರ ಆರು ಸಲ ನಿರಾಕರಿಸಿತು. ಸೀಮೆಸುಣ್ಣ ಹಿಡಿದು ಸವೆದದ್ದೋ, ಒರಳುಕಲ್ಲು ತಿರುವಿ ಸವೆದದ್ದೋ ಯಂತ್ರಕ್ಕೇನು ಗೊತ್ತು? 2021ರಿಂದ ಮುಖವನ್ನು ಗುರುತಿಸುವ ಕ್ರಮವೂ ಜಾರಿಗೆ ಬಂದುದರಿಂದ ಮುಂದಿನ ಸಲ ಮೊಮ್ಮಗಳು ಮನೆಯಲ್ಲಿಯೇ ಮೊಬೈಲನ್ನು ಮುಖದ ಮುಂದೆ ಹಿಡಿದಳು. ಇದು ಬರಿಯ ಭಾವಚಿತ್ರವಲ್ಲವೆಂದು ಖಚಿತಪಡಿಸಿಕೊಳ್ಳಲು ಅದು ಕಣ್ಣು ಮಿಟುಕಿಸಲು ಹೇಳಿತು. “ಈ ವಯಸ್ಸಿನಲ್ಲಿ ಸರ್ಕಾರಕ್ಕೆ ಕಣ್ಣು ಹೊಡೆಯಬೇಕಾಯಿತಲ್ಲೇ!” ಎಂದು ಅಜ್ಜಿ ನಕ್ಕದ್ದರಿಂದ ಚಿತ್ರ ಎರಡು ಸಲ ಅಲುಗಾಡಿಹೋಯಿತು.

ಅಂದೇ ಸಂಜೆ ಮೊಮ್ಮಗಳು ತನ್ನ ಹಳೆಯ ಮೊಬೈಲೊಂದನ್ನು ತಂದು ಅಜ್ಜಿಯ ಮುಂದಿಟ್ಟಳು. ಅದಕ್ಕೆ ಅಜ್ಜಿಯ ಹೆಸರಿನಲ್ಲಿಯೇ ಸಂಖ್ಯೆ ಪಡೆದು, ಬ್ಯಾಂಕಿಗೆ ಒಯ್ದು, ಖಾತೆಗೆ ಅದನ್ನೇ ಸೇರಿಸುವಷ್ಟರಲ್ಲಿ ಹದಿನೈದು ದಿನ ಹಿಡಿಯಿತು. ಮಗ ಮರುಮಾತಿಲ್ಲದೆ ಕಾಗದಗಳಿಗೆ ಸಹಿ ಮಾಡಿಕೊಟ್ಟನು. ಪಾಠ ಇನ್ನೂ ಎರಡು ವಾರ ನಡೆಯಿತು. ಟೀಚರಮ್ಮನವರು ವಿದ್ಯಾರ್ಥಿನಿಯಾಗಿ ಅಷ್ಟೇನೂ ವಿಧೇಯರಲ್ಲ. ಪ್ರತಿ ಹೆಜ್ಜೆಗೂ “ಏಕೆ?” ಎನ್ನುತ್ತಿದ್ದರು, ಗುಪ್ತಸಂಖ್ಯೆಯನ್ನು ಯಾರಿಗೂ ಹೇಳಬಾರದೆಂದಾಗ ಮೊಮ್ಮಗಳನ್ನೂ ಆಚೆ ಕಳುಹಿಸಿ ಒತ್ತಿದರು.

ಮೊದಲ ಪಾವತಿ ನಡೆದದ್ದು ಎಂಟನೆಯ ಅಡ್ಡರಸ್ತೆಯ ಹೂವಿನವಳ ಬಳಿ. ಎರಡು ಮೊಳ ಮಲ್ಲಿಗೆ. ಹಣ ಬಂದಿತೆಂದು ಅವಳ ಬುಟ್ಟಿಯ ಪಕ್ಕದ ಪುಟ್ಟ ಪೆಟ್ಟಿಗೆ ಗಟ್ಟಿಯಾಗಿ ಸಾರಿತು. ಟೀಚರಮ್ಮನವರು ಮೊಬೈಲನ್ನು ಚೀಲದಲ್ಲಿರಿಸಿ ಕೊಸರಿಗಾಗಿ ಕೈಚಾಚಿದರು.

“ಪೆಟ್ಟಿಗೆ ಕೂಗಿದ ಮೇಲೆ ಯಾಪಾರ ಮುಗೀತಮ್ಮ,” ಎಂದಳು ಹೂವಿನವಳು.

“ಪೆಟ್ಟಿಗೆ ಹೇಳಿದ್ದು ನನ್ನ ದುಡ್ಡಿನ ಲೆಕ್ಕ. ನಿನ್ನ ಮೊಳದ ಲೆಕ್ಕ ಹೇಳಲಿಲ್ಲವಲ್ಲಮ್ಮ. ಎಲ್ಲಿ, ಇನ್ನೊಂದು ಸಲ ಅಳೆ, ನೋಡೋಣ.”

ಹೂವಿನವಳು ನಗುತ್ತ ದಾರವನ್ನು ಮತ್ತೆ ಮೊಳಕೈಗೆ ಹಿಡಿದಳು.