ಬಾಯಿ ಬಿಡಲಾಗುತ್ತಿಲ್ಲವೇ? ದವಡೆ ತಿಕ್ಕಬೇಡಿ!

ಶ್ರೀನಿವಾಸಪುರದ ಕಡೆ ಮಾವಿನ ಕಾಲದಲ್ಲಿ ಹಣ್ಣು ಹೆಚ್ಚಿಕೊಂಡು ತಿನ್ನೋರು ಕಡಿಮೆ. ತೊಟ್ಟು ಕಿತ್ತು ಬಾಯಿಗಿಟ್ಟರೆ ಮುಗೀತು! ಆದರೆ ಅಲ್ಲೇ ಹತ್ತಿರದ ಹಳ್ಳಿಯ ನಮ್ಮ ಚಿಕ್ಕಮ್ಮ ಒಂದು ವರ್ಷ ಮಾವಿನ ರಸವನ್ನು ಚಮಚದಲ್ಲಿ ಕುಡಿದರು. ಊಟಕ್ಕೆ ಮುದ್ದೆ ಹೋಗಿ ಅಂಬಲಿ ಬಂತು. ಬಾಯಿಯೊಳಗೆ ಒಂದು ಬೆರಳೂ ಹೋಗುತ್ತಿರಲಿಲ್ಲ.

ಆದದ್ದಿಷ್ಟೇ. ಹಾಲು ಕರೆಯುವಾಗ ಹಸು ದವಡೆಗೆ ಒದ್ದಿತ್ತು. ಯಾರೋ ಹೇಳಿದರು ಅಂತ ದಿನಾ ಹರಳೆಣ್ಣೆ ಹಚ್ಚಿ ಗಟ್ಟಿಯಾಗಿ ತಿಕ್ಕಿಸಿಕೊಂಡರು. ಊತ ಇಳಿಯಿತು, ಕೆನ್ನೆಯಲ್ಲಿ ಗಂಟು ಉಳಿಯಿತು. ಎರಡು ಮೂರು ತಿಂಗಳಲ್ಲಿ ಬಾಯಿಗೆ ಬೀಗ ಬಿದ್ದಂತಾಯಿತು. ಸಿ.ಟಿ. ಸ್ಕ್ಯಾನ್ ಮಾಡಿಸಿದರೆ ಅಗಿಯುವ ಸ್ನಾಯುವಿನೊಳಗೇ ಮೂಳೆ!

ಮಾಂಸದಲ್ಲಿ ಮೂಳೆ ಬೆಳೆಯುತ್ತಾ ಅಂತ ನಾನೂ ಬೆರಗಾಗಿದ್ದೆ. ವೈದ್ಯರು ಇದನ್ನು ‘ಮಯೋಸೈಟಿಸ್ ಆಸಿಫಿಕ್ಯಾನ್ಸ್’ ಅಂತಾರೆ. ಪೆಟ್ಟು ಬಿದ್ದು ಸ್ನಾಯುವಿನೊಳಗೆ ರಕ್ತ ಹೆಪ್ಪುಗಟ್ಟಿದಾಗ, ಗಾಯ ಮಾಯುವ ಕೆಲಸ ದಾರಿ ತಪ್ಪಿ ಅಲ್ಲಿ ಮೂಳೆ ಕಟ್ಟಿಕೊಳ್ಳುತ್ತದೆ. ತೊಡೆ, ತೋಳಿನಲ್ಲಿ ಕಾಣಿಸುವುದೇ ಹೆಚ್ಚು, ದವಡೆಯಲ್ಲಿ ಬಲು ಅಪರೂಪ. ಬುದ್ಧಿಹಲ್ಲು ಕೀಳಿಸಿದ ಮೇಲೆ, ಮರಗಟ್ಟಿಸಲು ಕೊಡುವ ಇಂಜೆಕ್ಷನ್ ನಂತರವೂ ಕೆಲವರಿಗೆ ಆಗಿರುವುದುಂಟು. ಹಾಗಂತ ಇಂಜೆಕ್ಷನ್‌ಗೆ ಹೆದರಬೇಡಿ. ಹಲ್ಲು ಕಿತ್ತ ಮೇಲೆ ನಾಲ್ಕಾರು ದಿನ ಬಾಯಿ ಬಿಗಿಯುವುದು ಮಾಮೂಲು. ವಾರ ಕಳೆದಂತೆ ಸಡಿಲವಾಗುವ ಬದಲು ಇನ್ನೂ ಬಿಗಿಯುತ್ತಾ ಹೋದರೆ ತಡ ಮಾಡಬೇಡಿ.

ಅಳೆಯೋದು ಸುಲಭ. ನಿಮ್ಮದೇ ಮೂರು ಬೆರಳು ಜೋಡಿಸಿ, ಮೇಲಿನ ಮತ್ತು ಕೆಳಗಿನ ಮುಂದಿನ ಹಲ್ಲುಗಳ ನಡುವೆ ಉದ್ದಕ್ಕೆ ನಿಲ್ಲಿಸಿ ನೋಡಿ. ಸಾಮಾನ್ಯವಾಗಿ ಮೂರೂ ಹಿಡಿಸಬೇಕು. ಎಷ್ಟು ಹಿಡಿಸಿತು ಅಂತ ಕ್ಯಾಲೆಂಡರ್‌ನಲ್ಲಿ ಹಾಲಿನ ಲೆಕ್ಕದ ಪಕ್ಕದಲ್ಲೇ ಬರೆದಿಡಿ.

ಪೆಟ್ಟು ಬಿದ್ದ ಮೊದಲ ಒಂದೆರಡು ದಿನ ಐಸನ್ನು ಬಟ್ಟೆಯಲ್ಲಿ ಸುತ್ತಿ ಒತ್ತಿ, ಮೆತ್ತನೆಯ ಊಟ ಮಾಡಿ. ತಿಕ್ಕುವುದು, ಬಲವಂತವಾಗಿ ಬಾಯಿ ಅಗಲಿಸುವುದು ಬೇಡವೇ ಬೇಡ. ಮೂಳೆ ಕಟ್ಟಿದ್ದು ಗೊತ್ತಾದರೂ ಕೂಡಲೇ ಕತ್ತರಿಸುವುದಿಲ್ಲ. ಎಳೆಯದಾಗಿರುವಾಗ ತೆಗೆದರೆ ಮತ್ತೆ ಬೆಳೆಯಬಹುದೆಂದು, ಬಲಿಯುವವರೆಗೆ ಕೆಲವು ತಿಂಗಳು ಕಾಯುವ ವೈದ್ಯರೇ ಹೆಚ್ಚು. ಚಿಕ್ಕಮ್ಮನಿಗೆ ಸಿಟ್ಟು ಬಂದದ್ದು ಇಲ್ಲೇ. “ಅಂಬಲಿ ಕುಡಿಯೋಳು ನಾನು, ಕಾಯಿ ಅನ್ನೋರು ಅವರು!” ಅಂತ ಬೈದರು, ಅದೂ ಬಾಯಿ ಬಿಡಲಾಗದೆ ಹಲ್ಲಿನ ಸಂದಿಯಿಂದಲೇ.

ಆಪರೇಷನ್‌ಗಿಂತ ಆಮೇಲಿನ ವ್ಯಾಯಾಮವೇ ಕಷ್ಟ. ಚಪ್ಪಟೆ ಮರದ ಕಡ್ಡಿಗಳನ್ನು ಹಲ್ಲುಗಳ ನಡುವೆ ಒಂದೊಂದಾಗಿ ಸೇರಿಸುತ್ತಾ ದಿನಕ್ಕೆ ಹಲವು ಸಲ, ತಿಂಗಳುಗಟ್ಟಲೆ ಬಾಯಿ ತೆರೆಯಬೇಕು. ನೋಯುತ್ತದೆ ಅಂತ ಬಿಟ್ಟರೆ ಮತ್ತೆ ಬಿಗಿಯುತ್ತದೆ. ಇಷ್ಟೆಲ್ಲ ಮಾಡಿದರೂ ಕೆಲವರಿಗೆ ಮೂಳೆ ಮರಳಿ ಬರುವುದುಂಟು.

ಇನ್ನೊಂದು ಮಾತು. ಪೆಟ್ಟೂ ಇಲ್ಲ, ಹಲ್ಲೂ ಕೀಳಿಸಿಲ್ಲ, ಆದರೂ ಬಾಯಿ ಬಿಗಿಯುತ್ತಿದೆ, ಖಾರ ತಡೆಯಲಾಗುತ್ತಿಲ್ಲ ಅಂದರೆ ಅದು ಅಡಿಕೆ, ಗುಟ್ಕಾದ ಕೆಲಸವಿರಬಹುದು. ಆಗ ಕೆನ್ನೆಯ ಒಳಪದರವೇ ನಾರುಗಟ್ಟುತ್ತದೆ, ಮುಂದೆ ಕ್ಯಾನ್ಸರ್ ಆಗುವ ಭಯವೂ ಇದೆ. ಮಾಲೂರು, ಮುಳಬಾಗಿಲು ಕಡೆಯ ನಮ್ಮ ಅಜ್ಜಿಯರು ಎಲೆಅಡಿಕೆ ಜೊತೆ ಹೊಗೆಸೊಪ್ಪನ್ನು ಕೆನ್ನೆಗಿಟ್ಟುಕೊಂಡೇ ಮಲಗುತ್ತಿದ್ದರಲ್ಲ, ಅಂಥವರ ಬಾಯನ್ನು ಟಾರ್ಚ್ ಹಾಕಿ ಒಮ್ಮೆ ನೋಡಿ.

ಕೆ.ಜಿ.ಎಫ್.ನ ದಂತ ವೈದ್ಯ ಕಾಲೇಜು, ಬೆಂಗಳೂರಿನ ಸರ್ಕಾರಿ ದಂತ ವೈದ್ಯ ಕಾಲೇಜುಗಳಲ್ಲಿ ದವಡೆ ಶಸ್ತ್ರಚಿಕಿತ್ಸೆಯ ವಿಭಾಗವಿದೆ. ಹೋಗುವಾಗ ಹಳೆಯ ಎಕ್ಸ್‌ರೇ ಜೊತೆ ಆ ಕ್ಯಾಲೆಂಡರ್ ಹಾಳೆಯನ್ನೂ ಒಯ್ಯಿರಿ.