ಮೇಲ್ಮನವಿ ವಕೀಲಿಕೆಗೆ ಬೇಕಾದ ಗುಣ

ಕೆಳ ನ್ಯಾಯಾಲಯದಲ್ಲಿ ಸೋತವರು ಹೈಕೋರ್ಟಿಗೆ ಬಂದರೆ ಅಲ್ಲಿ ಮೊಕದ್ದಮೆ ಮತ್ತೆ ಮೊದಲಿನಿಂದ ನಡೆಯುವುದಿಲ್ಲ. ಸಾಕ್ಷಿಗಳು ಕಟಕಟೆ ಹತ್ತುವುದಿಲ್ಲ, ಪಾಟಿ ಸವಾಲೂ ಇಲ್ಲ. ಹೊಸ ಸಾಕ್ಷ್ಯಕ್ಕೆ ಸಿವಿಲ್ ಪ್ರಕ್ರಿಯಾ ಸಂಹಿತೆಯ 41ನೇ ಆದೇಶದ 27ನೇ ನಿಯಮ ತೀರಾ ಸೀಮಿತ ಅವಕಾಶವನ್ನಷ್ಟೇ ಕೊಡುತ್ತದೆ. ವಕೀಲರ ಮುಂದೆ ಉಳಿಯುವುದು ಕಡತವೊಂದೇ. ಆದ್ದರಿಂದ ಈ ವೃತ್ತಿಯಲ್ಲಿ ಮಾತಿನ ಮೋಡಿಗಿಂತ ಓದಿನ ತಾಳ್ಮೆಗೇ ಬೆಲೆ ಹೆಚ್ಚು.

ಮೊದಲ ಮೇಲ್ಮನವಿಯಲ್ಲಿ ಸಂಗತಿ, ಕಾನೂನು ಎರಡನ್ನೂ ಪ್ರಶ್ನಿಸಬಹುದು. ಎರಡನೆಯದರಲ್ಲಿ, ಅಂದರೆ ವಕೀಲರ ಬಾಯಲ್ಲಿ ‘ಆರ್‌ಎಸ್‌ಎ’ ಆಗಿರುವುದರಲ್ಲಿ, ಆ ಸಲಿಗೆ ಇಲ್ಲ. ಸಂಹಿತೆಯ 100ನೇ ಸೆಕ್ಷನ್‌ಗೆ 1976ರಲ್ಲಿ ಆದ ತಿದ್ದುಪಡಿಯ ಪ್ರಕಾರ ಮಹತ್ವದ ಕಾನೂನು ಪ್ರಶ್ನೆ ಇದ್ದರಷ್ಟೇ ಹೈಕೋರ್ಟ್ ಅದನ್ನು ಕೈಗೆತ್ತಿಕೊಳ್ಳುತ್ತದೆ. ಆ ಪ್ರಶ್ನೆಯನ್ನು ಕಂಡುಹಿಡಿಯುವುದರಲ್ಲೇ ವಕೀಲರ ಜಾಣತನವೆಲ್ಲ ಇದೆ.

ಜಮೀನಿನ ವ್ಯಾಜ್ಯವೊಂದನ್ನು ಊಹಿಸಿಕೊಳ್ಳಬಹುದು. ತಂದೆ ಬರೆದಿಟ್ಟ ಉಯಿಲನ್ನು ನಂಬಿ ಎರಡು ನ್ಯಾಯಾಲಯಗಳೂ ಹಿರಿಯ ಮಗನ ಪರ ತೀರ್ಪು ಕೊಟ್ಟಿವೆ. ಎದುರುದಾರರ ಸಾಕ್ಷಿ ಸುಳ್ಳುಗಾರ ಎಂದು ಕಿರಿಯ ಮಗನ ವಕೀಲರು ಎರಡನೇ ಮೇಲ್ಮನವಿಯಲ್ಲಿ ಎಷ್ಟು ವಾದಿಸಿದರೂ ಪ್ರಯೋಜನ ಕಡಿಮೆ. ಅದು ಸಂಗತಿಯ ಮಾತು. ಆದರೆ ಉಯಿಲಿಗೆ ಸಾಕ್ಷಿ ಹಾಕಿದವರು ಬದುಕಿದ್ದೂ ಅವರಲ್ಲಿ ಒಬ್ಬರನ್ನೂ ವಿಚಾರಣೆಗೆ ಕರೆದಿಲ್ಲ ಎಂಬುದು ಕಡತದಲ್ಲಿ ಕಂಡರೆ ಚಿತ್ರವೇ ಬದಲಾಗುತ್ತದೆ. ಕನಿಷ್ಠ ಅಂಥ ಒಬ್ಬರ ಸಾಕ್ಷ್ಯವಿಲ್ಲದೆ ಉಯಿಲು ರುಜುವಾತಾಗದು. ನೋಂದಣಿಯಾಗಿದ್ದರೂ ಈ ನಿಯಮದಿಂದ ವಿನಾಯಿತಿಯಿಲ್ಲ. ಇಂಥ ಲೋಪ ಸಾಕ್ಷಿಗಳ ಪಟ್ಟಿಯನ್ನು ಉಯಿಲಿನ ಕೊನೆಯ ಪುಟದ ಜೊತೆ ಇಟ್ಟು ನೋಡಿದವರಿಗಷ್ಟೇ ಸಿಗುತ್ತದೆ.

ಸಿಕ್ಕಿದ್ದನ್ನು ಬರೆಯುವಾಗ ಬಿಡುವುದನ್ನೂ ಕಲಿಯಬೇಕು. ಮೂವತ್ತು ಆಧಾರಗಳನ್ನು ಪೇರಿಸಿದ ಮೇಲ್ಮನವಿಯಲ್ಲಿ ಗಟ್ಟಿಯಾದ ಎರಡು ಹೂತುಹೋಗುತ್ತವೆ; ಆದರೂ ಆ ಚಾಳಿ ಹೋಗಿಲ್ಲ. ಕರ್ನಾಟಕದಲ್ಲಿ ಇನ್ನೊಂದು ಕೆಲಸವೂ ಸೇರಿಕೊಳ್ಳುತ್ತದೆ. ಕೆಳಗಿನ ಸಾಕ್ಷ್ಯ, ದಾಖಲೆಗಳು ಬಹುಪಾಲು ಕನ್ನಡದಲ್ಲಿರುತ್ತವೆ, ಹೈಕೋರ್ಟಿನ ವ್ಯವಹಾರ ಇಂಗ್ಲಿಷಿನಲ್ಲಿ. ಎರಡರಲ್ಲೂ ಹಿಡಿತವಿರುವವರಿಗೆ ಇಲ್ಲಿ ಒಳ್ಳೆಯ ಬೇಡಿಕೆಯಿದೆ.

ಪೀಠದ ಮುಂದೆ ಸಿದ್ಧಪಡಿಸಿದ ಭಾಷಣ ನಡೆಯದು. ಎರಡನೇ ವಾಕ್ಯಕ್ಕೇ ನ್ಯಾಯಮೂರ್ತಿಗಳು ಪ್ರಶ್ನೆ ಹಾಕಬಹುದು. ಸಿಡುಕದೆ ಅದಕ್ಕೇ ನೇರ ಉತ್ತರ ಕೊಡಬೇಕು. ತಮಗೆ ವಿರುದ್ಧವಾದ ತೀರ್ಪಿದ್ದರೆ ಮುಚ್ಚಿಡದೆ ಅದು ಈ ಪ್ರಕರಣಕ್ಕೆ ಏಕೆ ಅನ್ವಯಿಸದೆಂದು ತೋರಿಸಬೇಕು.

ಸ್ವಭಾವದ ಮಾತಿಗೆ ಬಂದರೆ, ದಿನವಿಡೀ ಒಬ್ಬರೇ ಕೂತು ಓದುವುದು ಬೇಸರ ತರಬಾರದು. ಫಲಿತಾಂಶಕ್ಕೆ ವರ್ಷಗಟ್ಟಲೆ ಕಾಯಬೇಕಾದೀತು. ಗೆಲ್ಲುವ ಅಂಶವಿಲ್ಲದಿದ್ದರೆ ‘ಅಪೀಲು ಹಾಕಬೇಡಿ’ ಎಂದು ಕಕ್ಷಿದಾರರಿಗೆ ಹೇಳುವ ಧೈರ್ಯವೂ ಇರಬೇಕು. ಆ ಸಲಹೆಗೂ ಗಡುವಿದೆ: ಸಿವಿಲ್ ಡಿಕ್ರಿಯ ವಿರುದ್ಧ ಜಿಲ್ಲಾ ನ್ಯಾಯಾಲಯಕ್ಕೆ ಹೋಗಲು 30 ದಿನ, ಹೈಕೋರ್ಟಿಗೆ 90 ದಿನ.

ಈ ವೃತ್ತಿಗಾಗಿ ಈಗ ಎಲ್ಲರೂ ಬೆಂಗಳೂರಿಗೇ ಬರಬೇಕಾಗಿಲ್ಲ. 2008ರಲ್ಲಿ ಸಂಚಾರಿ ಪೀಠಗಳಾಗಿ ಆರಂಭವಾದ ಧಾರವಾಡ ಮತ್ತು ಕಲಬುರಗಿಯ ಪೀಠಗಳು 2013ರಿಂದ ಕಾಯಂ ಆಗಿವೆ.