ಮಕ್ಕಳಿಗೆ ಶಾಲೆಯಲ್ಲಿ ಧರ್ಮದ ಅರಿವು ಬೇಡವೇ?

ಕೆಲವು ವರ್ಷಗಳ ಹಿಂದಿನ ಮಾತು. ನಿಪ್ಪಾಣಿಯ ಆಸುಪಾಸಿನ ಒಂದು ಪ್ರೌಢಶಾಲೆಯವರು ವಾರಕ್ಕೊಮ್ಮೆ ನೀತಿಬೋಧೆಯ ತರಗತಿಯನ್ನು ತೆಗೆದುಕೊಳ್ಳುವಂತೆ ನಮ್ಮನ್ನು ಕೋರಿದ್ದರು. ಅದು ನಮ್ಮ ಧರ್ಮಸಭೆಯ ಶಾಲೆಯಲ್ಲ. ಮಕ್ಕಳಲ್ಲಿ ಲಿಂಗಾಯತರು, ಜೈನರು, ಮರಾಠರು, ಮುಸಲ್ಮಾನರು, ಬೌದ್ಧರು ಎಲ್ಲರೂ ಇದ್ದರು. ಕ್ರೈಸ್ತರು ಇಬ್ಬರೋ ಮೂವರೋ. ಒಂದು ದಿನ ಪ್ರಾಮಾಣಿಕತೆಯ ವಿಷಯವನ್ನು ವಿವರಿಸುತ್ತ, ದೈವಭೀತಿಯೇ ನೀತಿಗೆ ಬುನಾದಿ, ದೇವರಿಲ್ಲವೆನ್ನುವವನಿಗೆ ಕಳ್ಳತನ ಬೇಡವೆಂದು ಹೇಳುವವರಾರು ಎಂದು ಕೇಳಿದೆವು. ಹಿಂದಿನ ಬೆಂಚಿನಿಂದ ಒಂಬತ್ತನೆಯ ತರಗತಿಯ ಹುಡುಗಿಯೊಬ್ಬಳು ಎದ್ದು ನಿಂತಳು. ‘ನಮ್ಮಪ್ಪ ದೇವರನ್ನ ನಂಬಂಗಿಲ್ರಿ ಫಾದರ್. ಹಂಗಾದ್ರ ಅಂವಾ ಕೆಟ್ಟಾಂವ ಏನ್ರಿ?’

ಗುರುಮಠದಲ್ಲಿ ವರ್ಷಗಟ್ಟಲೆ ತತ್ತ್ವಶಾಸ್ತ್ರವನ್ನು ಓದಿದ ನಮಗೆ ಆ ಕ್ಷಣ ಹೊಳೆದ ಉತ್ತರವೆಂದರೆ, ‘ನಿಮ್ಮ ತಂದೆಗಾಗಿ ಪ್ರಾರ್ಥನೆ ಮಾಡಮ್ಮ’ ಎಂಬುದು. ತರಗತಿ ನಕ್ಕಿತು. ಆಕೆ ತಲೆ ತಗ್ಗಿಸಿ ಕುಳಿತಳು. ಮುಂದಿನ ವಾರದಿಂದ ನಮ್ಮ ತರಗತಿಯಲ್ಲಿ ಆಕೆ ಒಂದು ಮಾತನ್ನೂ ಆಡಲಿಲ್ಲ. ಶಾಲೆಯಲ್ಲಿ ಮಕ್ಕಳಿಗೆ ಧರ್ಮಗಳ ವಿಷಯವನ್ನೂ, ಧರ್ಮವನ್ನು ಒಪ್ಪದವರ ವಿಷಯವನ್ನೂ ಕಲಿಸಬೇಕೆ ಎಂಬ ಪ್ರಶ್ನೆಯನ್ನು ಇಂದು ಎತ್ತಿಕೊಳ್ಳುವಾಗ ಮೊದಲು ನೆನಪಾಗುವುದು ಆ ತಗ್ಗಿದ ತಲೆ.

ಈ ವಿಷಯದಲ್ಲಿ ನಮ್ಮ ಸಂವಿಧಾನ ಹೇಳುವುದೇನೆಂಬುದನ್ನು ಅನೇಕರು ಅರ್ಧ ಮಾತ್ರ ಬಲ್ಲರು. ಸಂಪೂರ್ಣವಾಗಿ ಸರ್ಕಾರದ ಹಣದಿಂದ ನಡೆಯುವ ಶಾಲೆಗಳಲ್ಲಿ ಧಾರ್ಮಿಕ ಬೋಧನೆ ಕೂಡದೆನ್ನುತ್ತದೆ 28ನೆಯ ವಿಧಿ. ಸರ್ಕಾರದ ಮಾನ್ಯತೆ ಅಥವಾ ಅನುದಾನ ಪಡೆದ ಶಾಲೆಗಳಲ್ಲಿ ಅಂಥ ಬೋಧನೆಯನ್ನು ಇಟ್ಟುಕೊಂಡರೆ, ಪಾಲಕರ ಒಪ್ಪಿಗೆಯಿಲ್ಲದೆ ಮಗುವನ್ನು ಅದಕ್ಕೆ ಕೂರಿಸುವಂತಿಲ್ಲ ಎಂಬುದೂ ಅದೇ ವಿಧಿಯ ಮಾತು. ಆದರೆ ಧರ್ಮವನ್ನು ಬೋಧಿಸುವುದು ಬೇರೆ, ಧರ್ಮಗಳ ವಿಷಯವಾಗಿ ತಿಳಿಸುವುದು ಬೇರೆ. ಈ ಗೆರೆಯನ್ನು 1948ರ ಡಿಸೆಂಬರಿನಲ್ಲಿ ಸಂವಿಧಾನ ಸಭೆಯ ಚರ್ಚೆಯಲ್ಲಿಯೇ ಡಾ. ಅಂಬೇಡ್ಕರರು ಎಳೆದಿದ್ದರು. ಧಾರ್ಮಿಕ ಬೋಧನೆಯೇ ಬೇರೆ, ಅಧ್ಯಯನ ಸಂಶೋಧನೆಗಳೇ ಬೇರೆ ಎಂದು ಅವರು ಅಲ್ಲಿ ಸ್ಪಷ್ಟಪಡಿಸಿದರು. 1925ರ ಏಪ್ರಿಲಿನಲ್ಲಿ ನಮ್ಮ ನಿಪ್ಪಾಣಿಗೆ ಬಂದು ಬಹಿಷ್ಕೃತರ ಪರಿಷತ್ತಿನ ಅಧ್ಯಕ್ಷತೆ ವಹಿಸಿದ್ದವರು ಅವರೇ. ಧರ್ಮದ ಹೆಸರಿನಲ್ಲಿ ಶಾಲೆಯ ಮೂಲೆಯಲ್ಲಿ ಕೂರಬೇಕಾದ ಮಗುವಿನ ಪಾಡೇನೆಂಬುದನ್ನು ಅವರಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ.

1964–66ರ ಕೊಠಾರಿ ಆಯೋಗವೂ ಇದೇ ವ್ಯತ್ಯಾಸವನ್ನು ಗುರುತಿಸಿತು. 2002ರ ಸೆಪ್ಟೆಂಬರ್ 12ರಂದು ಅರುಣಾ ರಾಯ್ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯವು, ಧರ್ಮಗಳ ಬಗೆಗಿನ ಶಿಕ್ಷಣವು 28ನೆಯ ವಿಧಿಗೆ ವಿರುದ್ಧವಲ್ಲವೆಂದು ತೀರ್ಪಿತ್ತಿತು. ಕಾನೂನಿನ ಬಾಗಿಲು ತೆರೆದೇ ಇದೆ. ಒಳಗೆ ಹೆಜ್ಜೆಯಿಡಲು ಅಂಜುವವರು ನಾವು.

ಅಂಜಿಕೆಗೆ ಕಾರಣವಿಲ್ಲದಿಲ್ಲ. 2020ರ ಡಿಸೆಂಬರಿನಲ್ಲಿ ನಮ್ಮ ರಾಜ್ಯದ ಆರನೆಯ ತರಗತಿಯ ಸಮಾಜ ವಿಜ್ಞಾನ ಪುಸ್ತಕದಿಂದ, ಹೊಸ ಧರ್ಮಗಳ ಉದಯವನ್ನು ಕುರಿತ ಪಾಠದ ಕೆಲವು ಭಾಗಗಳನ್ನು ಒಂದು ಸಮುದಾಯದ ಭಾವನೆಗೆ ನೋವಾಗುತ್ತದೆಂಬ ದೂರಿನ ಮೇಲೆ ಕೈಬಿಡಲು ಅಂದಿನ ಶಿಕ್ಷಣ ಸಚಿವರು ಸೂಚಿಸಿದರು. ಜೈನ, ಬೌದ್ಧ ಧರ್ಮಗಳು ಏಕೆ ಹುಟ್ಟಿದವೆಂಬುದನ್ನು ಹೇಳುವ ಪಾಠವದು. 2022ರಲ್ಲಿ ಒಂಬತ್ತನೆಯ ತರಗತಿಯ ಪುಸ್ತಕದಲ್ಲಿ ಬಸವಣ್ಣನವರನ್ನು ಕುರಿತು ಬರೆದ ಮಾತುಗಳಿಗೆ ಮಠಾಧೀಶರು ಆಕ್ಷೇಪವೆತ್ತಿದರು. ಸರ್ಕಾರ ತಿದ್ದುಪಡಿಗೆ ಒಪ್ಪಬೇಕಾಯಿತು. ಒಂದು ಪುಟದ ಪಾಠಕ್ಕೆ ಇಷ್ಟು ಕೋಲಾಹಲವಾಗುವಾಗ ಬಡಪಾಯಿ ಶಿಕ್ಷಕನು, ‘ಧರ್ಮದ ಗೊಡವೆ ನಮಗೇಕೆ, ಎಸ್ಸೆಸ್ಸೆಲ್ಸಿ ಫಲಿತಾಂಶ ನೋಡಿಕೊಳ್ಳೋಣ’ ಎಂದರೆ ಅವನನ್ನು ದೂರುವಂತಿಲ್ಲ.

ನಮ್ಮವರ ನಡತೆಯನ್ನೂ ಇಲ್ಲಿ ಹೇಳಿಬಿಡುವುದು ನ್ಯಾಯ. ಅದೇ 2022ರ ಮಾರ್ಚಿನಲ್ಲಿ ಗುಜರಾತ್ ಸರ್ಕಾರವು ಆರರಿಂದ ಹನ್ನೆರಡನೆಯ ತರಗತಿಯವರೆಗೆ ಭಗವದ್ಗೀತೆಯನ್ನು ಪಠ್ಯಕ್ಕೆ ಸೇರಿಸುವುದಾಗಿ ಸಾರಿತು. ಕರ್ನಾಟಕದ ಅಂದಿನ ಶಿಕ್ಷಣ ಸಚಿವರೂ ನೀತಿಶಿಕ್ಷಣದಲ್ಲಿ ಅದನ್ನು ಸೇರಿಸುವ ಆಲೋಚನೆಯನ್ನು ಹೊರಗೆಡಹಿದರು. ನಮ್ಮ ಬಾಂಧವರಲ್ಲಿ ಬಹಳ ಮಂದಿ ಸಂವಿಧಾನದ ಮಾತೆತ್ತಿದರು. ಮರುತಿಂಗಳೇ ಬೆಂಗಳೂರಿನ ಒಂದು ಕ್ರೈಸ್ತ ಶಾಲೆಯಲ್ಲಿ ಅನ್ಯಧರ್ಮದ ಮಕ್ಕಳೂ ಬೈಬಲ್ ತರಬೇಕಾಗಿದೆಯೆಂಬ ಆರೋಪ ಬಂದಾಗ, ಅದೇ ಬಾಂಧವರು ಆಡಳಿತ ಮಂಡಳಿಯ ಹಕ್ಕಿನ ಮಾತೆತ್ತಿದರು. ಎರಡೂ ವಾದಗಳಲ್ಲಿ ಹುರುಳಿರಬಹುದು. ಆದರೆ ಒಂದೇ ಬಾಯಿಂದ ಒಂದೇ ತಿಂಗಳಲ್ಲಿ ಎರಡನ್ನೂ ಕೇಳಿದ ನೆರೆಯವನಿಗೆ ನಮ್ಮ ಮೇಲೆ ವಿಶ್ವಾಸ ಹುಟ್ಟಲಾರದು. 2024ರ ಏಪ್ರಿಲಿನಲ್ಲಿ ಭಾರತದ ಕಥೋಲಿಕ ಧರ್ಮಾಧ್ಯಕ್ಷರ ಮಂಡಳಿಯು ನಮ್ಮ ಶಾಲೆಗಳಿಗೆ ಕಳುಹಿದ ಮಾರ್ಗಸೂಚಿಯಲ್ಲಿ, ಅನ್ಯಧರ್ಮದ ಮಕ್ಕಳ ಮೇಲೆ ಕ್ರೈಸ್ತ ಆಚರಣೆಗಳನ್ನು ಹೇರಬಾರದೆಂದು ಬಿಡಿಸಿ ಹೇಳಿರುವುದನ್ನು ಎಷ್ಟು ಮಂದಿ ಓದಿದ್ದಾರೆಂದು ನಾವರಿಯೆವು.

ನಮ್ಮ ಶಾಲೆಗಳಲ್ಲಿ ಬಹುಕಾಲ ನಡೆದುಬಂದ ಪದ್ಧತಿಯೊಂದುಂಟು. ಗಂಟೆ ಬಾರಿಸಿದೊಡನೆ ಕಥೋಲಿಕ ಮಕ್ಕಳು ಧರ್ಮೋಪದೇಶಕ್ಕೆಂದು ಒಂದು ಕೋಣೆಗೆ, ಉಳಿದವರು ನೀತಿಪಾಠಕ್ಕೆಂದು ಇನ್ನೊಂದು ಕೋಣೆಗೆ. ಯಾರ ಅಂತಃಸಾಕ್ಷಿಗೂ ಧಕ್ಕೆಯಾಗದಿರಲೆಂದು ಮಾಡಿದ ಏರ್ಪಾಡು, ಉದ್ದೇಶ ಒಳ್ಳೆಯದೇ. ಆದರೆ ನಲವತ್ತೈದು ನಿಮಿಷದ ಬಳಿಕ ಮಕ್ಕಳು ಮತ್ತೆ ಒಂದೇ ಬೆಂಚಿಗೆ ಬಂದಾಗ, ಆ ಕೋಣೆಯಲ್ಲಿ ಏನು ಹೇಳಿದರೆಂದು ಈ ಕೋಣೆಯವನಿಗೆ ತಿಳಿಯದು, ಈ ಕೋಣೆಯಲ್ಲಿ ಏನೆಂದು ಆ ಕೋಣೆಯವನಿಗೂ ತಿಳಿಯದು. ಹತ್ತು ವರ್ಷ ಪಕ್ಕಪಕ್ಕದಲ್ಲಿ ಕುಳಿತು ಬೆಳೆದವರು ಒಬ್ಬರ ಧರ್ಮವನ್ನು ಒಬ್ಬರು ಹಬ್ಬದ ತಿಂಡಿಯಿಂದ ಮಾತ್ರ ಬಲ್ಲರು.

ಈ ಭಾಗದಲ್ಲಿ ಅದು ಇನ್ನೂ ದೊಡ್ಡ ನಷ್ಟ. ಯಡೂರಿನ ವೀರಭದ್ರ, ಚಿಂಚಲಿಯ ಮಾಯಕ್ಕ, ಕುಡಚಿಯ ದರ್ಗಾ, ಅಥಣಿಯಲ್ಲಿ ಮುರುಘೇಂದ್ರ ಶಿವಯೋಗಿಗಳ ಗಚ್ಚಿನಮಠ, ಕಾಗವಾಡದ ಬದಿಯ ಶೇಡಬಾಳದಲ್ಲಿ ಜೈನ ಮುನಿಗಳ ಆಶ್ರಮ: ಬಸ್ಸಿನಲ್ಲಿ ಒಂದು ದಿನ ಸುತ್ತಿದರೆ ಇಷ್ಟೂ ಕಣ್ಣಿಗೆ ಬೀಳುತ್ತವೆ. ಅದರಲ್ಲಿಯೂ ಜೈನರ ವಿಷಯವನ್ನು ಸ್ವಲ್ಪ ನಿಂತು ಯೋಚಿಸಬೇಕು. ಇಪ್ಪತ್ತನೆಯ ಶತಮಾನದಲ್ಲಿ ದಿಗಂಬರ ಮುನಿಪರಂಪರೆಗೆ ಮರುಜೀವ ಕೊಟ್ಟ ಆಚಾರ್ಯ ಶಾಂತಿಸಾಗರರು ಬೆಳೆದದ್ದು ನಿಪ್ಪಾಣಿಯ ಬಳಿಯ ಭೋಜದಲ್ಲಿ. 2024ರ ಫೆಬ್ರವರಿಯಲ್ಲಿ ದೇಹವಿಟ್ಟ ಆಚಾರ್ಯ ವಿದ್ಯಾಸಾಗರರೂ, ಪ್ರಾಕೃತ ವಿದ್ವಾಂಸರಾದ ಡಾ. ಆ. ನೇ. ಉಪಾಧ್ಯೆಯವರೂ ಹುಟ್ಟಿದ್ದು ಚಿಕ್ಕೋಡಿ ತಾಲೂಕಿನ ಸದಲಗಾದಲ್ಲಿ. ಇರುವೆಗೂ ನೋವಾಗದಂತೆ ನಡೆಯುವ ಈ ಧರ್ಮವು ಜಗತ್ತನ್ನು ಸೃಷ್ಟಿಸಿದ ಒಬ್ಬ ದೇವರನ್ನು ಒಪ್ಪುವುದಿಲ್ಲ! ರಾಷ್ಟ್ರಕೂಟರ ಕಾಲದಲ್ಲಿ, ಒಂಬತ್ತನೆಯ ಶತಮಾನದಲ್ಲಿ, ಜಿನಸೇನಾಚಾರ್ಯರು ತಮ್ಮ ಆದಿಪುರಾಣದಲ್ಲಿ ಸೃಷ್ಟಿಕರ್ತನ ಕಲ್ಪನೆಯನ್ನು ಸರಣಿಯಾಗಿ ಖಂಡಿಸಿದ್ದಾರೆ. ನಾವು ಅವರ ವಾದವನ್ನು ಒಪ್ಪುವುದಿಲ್ಲ. ಒಪ್ಪದಿರಲು ನಮಗೆ ಕಾರಣಗಳುಂಟು. ಆದರೆ ‘ದೇವರಿಲ್ಲವೆನ್ನುವವನಿಗೆ ನೀತಿಯಿಲ್ಲ’ ಎಂದು ಅಂದು ನಾವು ಹೇಳಿದಾಗ ಆ ತರಗತಿಯಲ್ಲಿ ಎಷ್ಟು ಜೈನ ಮಕ್ಕಳು ಕುಳಿತಿದ್ದರೋ! ಅವರು ಸಭ್ಯತೆಯಿಂದ ಸುಮ್ಮನಿದ್ದರೆಂದು ಈಗ ತೋರುತ್ತದೆ.

ನಾಸ್ತಿಕ ಎಂಬ ಶಬ್ದವೇ ನಮ್ಮ ದೇಶದಲ್ಲಿ ಬಲು ಜಾರು. ಪರಲೋಕವನ್ನು ಒಪ್ಪದವನು ನಾಸ್ತಿಕ ಎಂದು ವ್ಯಾಕರಣಕಾರರು. ವೇದವನ್ನು ನಿಂದಿಸುವವನು ಎಂದು ಮನುಸ್ಮೃತಿ. ಎರಡನೆಯ ಅರ್ಥವನ್ನು ಹಿಡಿದರೆ ಈ ಅಂಕಣವನ್ನು ಓದುವ ಕ್ರೈಸ್ತರೆಲ್ಲರೂ ನಾಸ್ತಿಕರ ಪಂಕ್ತಿಗೇ ಸೇರಬೇಕು. ಸೃಷ್ಟಿಕರ್ತನಾದ ಈಶ್ವರನನ್ನು ಬಯಸದ ಪೂರ್ವಮೀಮಾಂಸಕನು ಆಸ್ತಿಕನಾಗಿ ಉಳಿಯುತ್ತಾನೆ. ಕನ್ನಡದ ‘ಮತ’ವನ್ನಾದರೂ ನೋಡಿ. ಅಭಿಪ್ರಾಯಕ್ಕೂ ಅದೇ, ಧರ್ಮಕ್ಕೂ ಅದೇ, ಚುನಾವಣೆಯಲ್ಲಿ ಹಾಕುವುದೂ ಅದೇ. ಇಷ್ಟನ್ನು ಬಿಡಿಸಿ ಹೇಳಿದರೂ ಎಂಟನೆಯ ತರಗತಿಯ ಮಗುವಿಗೆ ಒಂದು ಒಳ್ಳೆಯ ಪಾಠವಾದೀತು.

ಒಪ್ಪದವರ ವಾದವನ್ನು ಮಕ್ಕಳ ಮುಂದಿಟ್ಟರೆ ಅವರ ವಿಶ್ವಾಸ ಕೆಟ್ಟುಹೋಗುವುದೆಂದು ನಮ್ಮ ಧರ್ಮಕೇಂದ್ರದ ತಾಯಂದಿರು ಹೇಳುತ್ತಾರೆ. ‘ಇಲ್ಲದ ಸಂಶಯವನ್ನ ನೀವs ಹುಟ್ಟಿಸ್ತೀರಿ ಫಾದರ್’ ಎಂದು ಒಬ್ಬ ಹಿರಿಯಕ್ಕ ನೇರವಾಗಿಯೇ ಅಂದರು. ಇದನ್ನು ಹಗುರವಾಗಿ ತಳ್ಳಿಹಾಕಲಾಗದು. ಹಾಲುಗಲ್ಲದ ಮಗುವಿಗೆ ತರ್ಕದ ಕತ್ತಿಯನ್ನು ಕೊಡಬೇಕೆಂದು ನಾವೂ ಹೇಳುವುದಿಲ್ಲ. ಪ್ರಾಥಮಿಕ ಶಾಲೆಯಲ್ಲಿ ಊರಿನ ಹಬ್ಬ, ಕಥೆ, ಗುಡಿ, ಮಸೀದಿ, ಚರ್ಚುಗಳ ಪರಿಚಯವಾದರೆ ಸಾಕು. ಪ್ರೌಢಶಾಲೆಗೆ ಬಂದವನ ವಿಷಯ ಬೇರೆ. ಅವನ ಕೈಯಲ್ಲಿ ಮೊಬೈಲಿದೆ. ಸಂಶಯ ಅವನನ್ನು ನಮಗಿಂತ ಮೊದಲೇ ತಲುಪಿದೆ, ಅದೂ ಅತ್ಯಂತ ಒರಟಾದ ರೂಪದಲ್ಲಿ.

ಸಂತ ತೋಮಸ್ ಅಕ್ವಿನಾಸರು ತಮ್ಮ ಮಹಾಗ್ರಂಥದಲ್ಲಿ ದೇವರ ಅಸ್ತಿತ್ವವನ್ನು ಸಾಧಿಸುವ ಮುನ್ನ, ದೇವರಿಲ್ಲವೆನ್ನುವವನ ಎರಡು ವಾದಗಳನ್ನು ಬರೆದಿಡುತ್ತಾರೆ. ಅನಂತ ಒಳಿತೇ ಇರುವುದಾದರೆ ಕೇಡು ಎಲ್ಲಿಂದ ಬಂತೆಂಬುದು ಒಂದು; ಪ್ರಕೃತಿಯಿಂದಲೇ ಎಲ್ಲವನ್ನೂ ವಿವರಿಸಬಹುದಾದಾಗ ದೇವರೇಕೆಂಬುದು ಇನ್ನೊಂದು. ಏಳೂವರೆ ಶತಮಾನದ ಬಳಿಕವೂ ನಾಸ್ತಿಕರ ಬತ್ತಳಿಕೆಯಲ್ಲಿ ಇವೆರಡಕ್ಕಿಂತ ಹರಿತವಾದ ಬಾಣ ಹೆಚ್ಚಾಗಿಲ್ಲವೆಂಬುದು ನಮ್ಮ ಅಭಿಪ್ರಾಯ. ಇತ್ತ ಹದಿನಾಲ್ಕನೆಯ ಶತಮಾನದಲ್ಲಿ ವಿಜಯನಗರದ ಮಾಧವಾಚಾರ್ಯರು ಹದಿನಾರು ದರ್ಶನಗಳ ಸಂಗ್ರಹವನ್ನು ಬರೆದಾಗ, ಮೊದಲ ಅಧ್ಯಾಯವನ್ನು ಕೊಟ್ಟದ್ದು ಚಾರ್ವಾಕನಿಗೆ. ಎದುರಾಳಿಯನ್ನು ಮೊದಲು ಮಾತನಾಡಗೊಡುವುದು ಅವರಿಬ್ಬರಿಗೂ ಪಾಂಡಿತ್ಯದ ಮರ್ಯಾದೆಯಾಗಿತ್ತು. ದ್ವಿತೀಯ ವ್ಯಾಟಿಕನ್ ಮಹಾಸಭೆಯು 1965ರಲ್ಲಿ ಇನ್ನೂ ಮುಂದೆ ಹೋಗಿ, ನಾಸ್ತಿಕವಾದದ ಹುಟ್ಟಿನಲ್ಲಿ ವಿಶ್ವಾಸಿಗಳ ಪಾಲೂ ಇರಬಹುದೆಂದು ಒಪ್ಪಿಕೊಂಡಿತು. ಧರ್ಮವನ್ನು ತಪ್ಪಾಗಿ ಬೋಧಿಸಿ, ತಪ್ಪಾಗಿ ಬಾಳಿ, ದೇವರ ಮುಖವನ್ನು ಮರೆಮಾಡುವವರು ನಾವೇ ಎಂಬ ಅರ್ಥದಲ್ಲಿ.

ಎದುರಾಳಿಯ ಮಾತು ಕೇಳದೆ ಬೆಳೆದವರು ಏನು ಮಾಡಬಲ್ಲರೆಂಬುದನ್ನು ನಾವು ದೂರಕ್ಕೆ ಹೋಗಿ ನೋಡಬೇಕಾಗಿಲ್ಲ. ನಿಪ್ಪಾಣಿಯಿಂದ ಕೊಲ್ಹಾಪುರಕ್ಕೆ ಒಂದು ಗಂಟೆಯ ದಾರಿ. ಅಲ್ಲಿ 2015ರ ಫೆಬ್ರವರಿ 16ರ ಬೆಳಗ್ಗೆ ಗೋವಿಂದ ಪಾನ್ಸರೆಯವರ ಮೇಲೆ ಗುಂಡು ಹಾರಿತು; ನಾಲ್ಕು ದಿನಗಳ ಬಳಿಕ ತೀರಿಕೊಂಡರು. ಅದಕ್ಕೆ ಮುನ್ನ 2013ರ ಆಗಸ್ಟಿನಲ್ಲಿ ಪುಣೆಯಲ್ಲಿ ನರೇಂದ್ರ ದಾಭೋಲ್ಕರ್, ಅನಂತರ 2015ರ ಆಗಸ್ಟ್ 30ರಂದು ಧಾರವಾಡದಲ್ಲಿ ವಚನ ಸಂಶೋಧಕ ಎಂ. ಎಂ. ಕಲಬುರ್ಗಿ. ಮೂವರ ವಿಚಾರಗಳೂ ಒಂದೇ ಆಗಿರಲಿಲ್ಲ. ಅವರೊಡನೆ ವಾದಿಸಬೇಕಾದ ಪ್ರಶ್ನೆಗಳು ನಮಗೂ ಇದ್ದವು. ಈಗ ವಾದಿಸಲು ಅವರಿಲ್ಲ.

ಕಲಿಸುವವರಾರು ಎಂಬ ತೊಡಕು ಉಳಿದೇ ಇದೆ. ‘ನಾಸ್ತಿಕ ಎಂದರೆ ಯಾರು? (2 ಅಂಕ)’ ಎಂದು ಪ್ರಶ್ನೆಪತ್ರಿಕೆಯಲ್ಲಿ ಕೇಳುವುದಾದರೆ ಈ ಶಿಕ್ಷಣವೇ ಬೇಡ. ನಮ್ಮ ಸಲಹೆ ಸಣ್ಣದು. ವಿಶ್ವಾಸದ ಬೋಧನೆ ಮನೆಯಲ್ಲಿ, ಚರ್ಚಿನಲ್ಲಿ, ಮಠದಲ್ಲಿ, ಮದರಸಾದಲ್ಲಿ ನಡೆಯಲಿ. ಶಾಲೆಯಲ್ಲಿ ಎಂಟನೆಯ ತರಗತಿಯಿಂದ ಪ್ರತಿಯೊಂದು ಧರ್ಮದ ವಿಷಯವನ್ನೂ ಆಯಾ ಧರ್ಮದವರು ಕೇಳಿ ‘ಹೌದು, ನಾವು ಹೇಳುವುದು ಇದನ್ನೇ’ ಎನ್ನುವಂತೆ ತಿಳಿಸಲಿ, ಧರ್ಮವನ್ನೊಪ್ಪದವರ ವಿಷಯವನ್ನೂ ಅದೇ ಅಳತೆಯಲ್ಲಿ ತಿಳಿಸಲಿ. ಪರೀಕ್ಷೆಯಂತೂ ಬೇಡವೇ ಬೇಡ.

ಆ ಹುಡುಗಿಯ ತಂದೆಯನ್ನು ನಾವು ಆ ವರ್ಷ ಮುಗಿಯುವ ಮುನ್ನ ಹುಡುಕಿಕೊಂಡು ಹೋದೆವು. ತಂಬಾಕಿನ ವಖಾರಿಯಲ್ಲಿ ದುಡಿಯುವ ಮನುಷ್ಯ, ಮಾತು ಕಡಿಮೆ. ಕ್ಷಮೆ ಕೇಳಿದೆವು, ಚಹಾ ಕುಡಿಸಿದರು. ಮುಖ್ಯೋಪಾಧ್ಯಾಯರ ಒಪ್ಪಿಗೆ ಪಡೆದು, ಒಂದು ದಿನ ತರಗತಿಗೆ ಬಂದು ತಮ್ಮ ವಿಚಾರವನ್ನು ಮಕ್ಕಳಿಗೆ ಹೇಳಬೇಕೆಂದು ಕೋರಿದೆವು. ಬಂದರು. ತಮ್ಮ ತಾಯಿಯ ಕಾಯಿಲೆಗೆ ವೈದ್ಯರ ಬದಲು ದೇವರ ಹರಕೆಯನ್ನೇ ನೆಚ್ಚಿ ಕುಳಿತ ಮನೆಯವರ ಕಥೆಯನ್ನು ಹತ್ತು ನಿಮಿಷದಲ್ಲಿ ಹೇಳಿದರು; ಯಾವ ದೇವರನ್ನೂ ಬೈಯಲಿಲ್ಲ. ಮಕ್ಕಳು ಈ ಬಾರಿ ನಗಲಿಲ್ಲ. ಹುಡುಗಿ ಮುಂದಿನ ಬೆಂಚಿನಲ್ಲಿದ್ದಳು.

ಹೊರಡುವಾಗ ಗೇಟಿನ ಬಳಿ ಅವರು ನಿಂತು ಕೇಳಿದರು: ‘ಇಲ್ಲಿ ಎಲ್ಲಾರ ಹುಡುಗ್ರಿಗೂ ಕೇಳಿಸಿದ್ರಿ, ಛಲೋ ಆತು. ನಿಮ್ಮ ಚರ್ಚಿನ ಹುಡುಗ್ರಿಗೂ ಕೇಳಸ್ತೀರೇನ್ರಿ ಫಾದರ್?’

ಭಾನುವಾರದ ಧರ್ಮೋಪದೇಶದ ತರಗತಿಗೆ ಅವರನ್ನು ಕರೆಯುವ ಧೈರ್ಯ ನಮಗಿನ್ನೂ ಬಂದಿಲ್ಲ. ಧರ್ಮಕೇಂದ್ರದ ಪಾಲಕರ ಸಭೆಯಲ್ಲಿ ಈ ತಿಂಗಳು ವಿಷಯವನ್ನು ಪ್ರಸ್ತಾಪಿಸಲಿದ್ದೇವೆ. ಆ ಹಿರಿಯಕ್ಕನೂ ಬರುವುದಾಗಿ ಹೇಳಿದ್ದಾರೆ.